ಗಿರಣಿಗೆ ಬಂದ ಬಳ್ಳಿ

ಕೊಟ್ರೇಶಣ್ಣ ನನ್ನ ಹಿಟ್ಟಿನ ಗಿರಣಿಯ ಬೆಳಕಿಂಡಿಯತ್ತ ಬೆರಳು ತೋರಿಸಿ, “ಅದು ಅಮೃತಬಳ್ಳಿ ರೇವಕ್ಕ” ಎಂದ ಬೆಳಗ್ಗೆಯೇ ನನ್ನ ಗ್ರಹಚಾರ ಕೆಟ್ಟಿತು. ಅವನು ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ಟಿಕೆಟ್ ಹರಿಯುವ ಕೆಲಸ ನಿಂತ ಮೇಲೆ ಬಾಯಿಗೆ ಕೆಲಸ ಹುಡುಕಿಕೊಂಡು ಊರೆಲ್ಲ ತಿರುಗುತ್ತಾನೆ. ಅವನ ಮಾತು ಮುಗಿಯುವಷ್ಟರಲ್ಲಿ ಬೆಳಕಿಂಡಿಯಲ್ಲಿ ಇಣುಕುತ್ತಿದ್ದ ಕುಡಿ ಸರ್ರನೆ ಒಂದು ಮೊಳ ಒಳಗೆ ಬಂದು ತೊಲೆಯನ್ನು ಹಿಡಿದುಕೊಂಡಿತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಒಟ್ಟಿಗೆ “ಅಯ್ಯೋ” ಎಂದರು. ಕೊಟ್ರೇಶಣ್ಣ ಮಾತ್ರ ತಲೆ ಕೆರೆದುಕೊಂಡು, “ಹಂಗಾದ್ರೆ ದಾಗಡಿ ಬಳ್ಳಿ ಇರಬೇಕು” ಎಂದ. ಇನ್ನೊಂದು ಮೊಳ. ನಾನು ಕೈಯಲ್ಲಿದ್ದ ಸೇರನ್ನು ಅವನ ಮೇಲೆ ಬೀಸಿ ಒಗೆಯದೆ ಇದ್ದದ್ದು ಅದರೊಳಗೆ ಬೇರೆಯವರ ಜೋಳವಿತ್ತೆಂಬ ಒಂದೇ ಕಾರಣಕ್ಕೆ.

ನಮ್ಮ ಊರಿನಲ್ಲಿ ಗಿಡಬಳ್ಳಿಗಳಿಗೆ ಮಾನಮರ್ಯಾದೆ ಜಾಸ್ತಿ. ತಪ್ಪು ಹೆಸರಿನಿಂದ ಕರೆದರೆ ಒಂದು ಮೊಳ ಬೆಳೆಯುತ್ತವೆ. ಹೆಸರು ಹೇಳದೆ ಕತ್ತಿ ಬೀಸಿದರೆ ಕತ್ತಿ ಜಾರುತ್ತದೆ, ತೊಗಟೆಗೆ ಒಂದು ಗೀರೂ ಬೀಳುವುದಿಲ್ಲ. ಸರಿಯಾದ ಹೆಸರು ಹೇಳಿದರೆ ಮಾತ್ರ ಕತ್ತಿಗೆ ಬಗ್ಗುತ್ತವೆ, ಆ ದಿನವೆಲ್ಲ ತೆಪ್ಪಗಿರುತ್ತವೆ, ಆಮೇಲೆ ಯಾರು ಏನೆಂದು ಕರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೆಳಗಾದರೆ ಮತ್ತೆ ಮೊದಲಿನಿಂದ. ಇದು ಯಾಕೆ ಹೀಗೆ ಎಂದು ಕೇಳುವವರೆಲ್ಲ ಪರವೂರಿನವರು. ನಮಗೆ ಅದಕ್ಕೆಲ್ಲ ಪುರುಸೊತ್ತಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದ ನೆಂಟರಿಗೆ ನಾವು ಕೈಕಾಲು ತೊಳೆಯಲು ನೀರು ಕೊಡುವ ಮೊದಲು ಹೇಳುವ ಮಾತೆಂದರೆ, ‘ಬೇಕಾದ್ರೆ ಬೆರಳು ತೋರಿಸಿ, ಬಾಯಿ ಬಿಡಬೇಡಿ.’ ಗಿಡವನ್ನು ನೋಡಿಕೊಂಡು ಯಾರನ್ನು ಕೂಗಿದರೂ ಅದು ತನ್ನನ್ನೇ ಕರೆದರು ಅಂದುಕೊಳ್ಳುತ್ತದೆ. ಅದಕ್ಕೇ ನಮ್ಮ ಹೆಂಗಸರು ಮಕ್ಕಳನ್ನು ಕರೆಯುವಾಗ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಹೊಸದಾಗಿ ಬಂದ ಸೊಸೆಯೊಬ್ಬಳು ನುಗ್ಗೆ ಮರವನ್ನು ನೋಡಿಕೊಂಡು “ರೀ, ರೀ” ಎಂದು ಗಂಡನನ್ನು ಕರೆದಳು. ಗಂಡ ಬರಲಿಲ್ಲ. ಮರ ಎದ್ದು ಹೋಗಿ ಕರೆಂಟಿನ ತಂತಿ ಹಿಡಿಯಿತು, ಬೀದಿಗೆ ಬೀದಿಯೇ ಕತ್ತಲಾಯಿತು. ಆಸೆಬುರುಕರು ಕೆಲವರು ಕುಂಬಳಬಳ್ಳಿಯ ಮುಂದೆ ಕೂತು ‘ಹೀರೇಕಾಯಿ, ಹೀರೇಕಾಯಿ’ ಎಂದು ಜಪ ಮಾಡಿದ್ದೂ ಉಂಟು. ಸಿಟ್ಟಿಗೆ ಬೆಳೆದ ಬಳ್ಳಿಯಲ್ಲಿ ಕಾಯಿ ಬಿಡುವುದಿಲ್ಲವೆಂದು ಗೊತ್ತಾದದ್ದು ಹಿತ್ತಿಲು ತುಂಬಿ ಮಾಡು ಮುಚ್ಚಿಹೋದ ಮೇಲೆ. ಇನ್ನು ಕೆಲವರು ಆಗದವರ ಮನೆಯ ಅವರೆಬಳ್ಳಿಗೆ ಬೇಲಿಯಾಚೆಯಿಂದ ‘ಹಾಗಲ’ ಎಂದು ಕೂಗಿ ಓಡಿಹೋಗುತ್ತಾರೆ. ಅಂಥ ಜಗಳದಲ್ಲಿ ಒಬ್ಬರ ಬಚ್ಚಲುಮನೆಯ ಬಾಗಿಲೇ ಕಾಣೆಯಾಗಿ, ಆ ಮನೆಯವರು ಒಂದು ಬೇಸಿಗೆ ಪೂರ್ತಿ ನೆಂಟರ ಮನೆಯಲ್ಲಿ ಸ್ನಾನ ಮಾಡಿದರು.

ಹೀಗಿರುವಾಗ ಹೆಸರು ಗೊತ್ತಿಲ್ಲದ ಬಳ್ಳಿ ಮನೆಗೆ ಬಂದರೆ ಹೇಗಿರುತ್ತದೆಂದು ನೀವೇ ಯೋಚಿಸಿ. ಗಿರಣಿಯೆಂದರೆ ನನಗೆ ಬರೀ ಅನ್ನವಲ್ಲ. ನಮ್ಮ ಅವ್ವ ಬೆಟ್ಟದಿಂದ ಸೌದೆ ಹೊತ್ತು ಮಾರಿ, ಊರವರ ರಾಗಿ ಜೋಳವನ್ನು ಬೀಸುಕಲ್ಲಿನಲ್ಲಿ ಬೀಸಿಕೊಟ್ಟು, ಅಂಗೈಯ ಗೆರೆಗಳೆಲ್ಲ ಸವೆದ ಮೇಲೆ ಕೊಂಡುಕೊಂಡ ಗಿರಣಿ ಅದು. ಅದರ ದೊಡ್ಡ ಗಾಲಿ ಬೆಳಕಿಂಡಿಯ ಕೆಳಗೇ ಇದೆ. ಬಳ್ಳಿ ತೊಲೆಯಿಂದ ಇಳಿದು ಗಾಲಿಯನ್ನು ಹಿಡಿಯಿತೋ, ಬೆಲ್ಟು ಹರಿಯಿತು, ಗಿರಣಿ ನಿಂತಿತು, ನನ್ನ ಬಾಳು ಬೀದಿಗೆ ಬಂತು. ಇಷ್ಟನ್ನು ನಾನು ಸಾಲಿನಲ್ಲಿದ್ದವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. “ಕೈ ಮುಗಿದೆ, ಇದರ ಹೆಸರು ನಿಮಗೆ ಗೊತ್ತೈತೆ ಅಂತ ಅನ್ನಿಸಿದ್ರೂ ಹೊರಗೆ ಹೋಗಿ ನನ್ನ ಕಿವೀಲಿ ಹೇಳಿ” ಎಂದೆ. ಎಲ್ಲರೂ ಹೂಂ ಎಂದು ತಲೆಯಾಡಿಸಿದರು. ತಲೆಯಾಡಿಸಿದ ಮೇಲೆ ಒಬ್ಬಳು, “ಅಲ್ಲಾ, ನೋಡಿದ್ರೆ ತೊಂಡೆಬಳ್ಳಿ ಅಂತ ಯಾರಿಗಾದ್ರೂ ಗೊತ್ತಾಗುತ್ತಲ್ಲ” ಎಂದಳು.

ನಾನು ಬಳ್ಳಿಗೆ ಗೋಣಿಚೀಲ ಮುಚ್ಚಿದೆ. ಮುಚ್ಚಿದ್ದರಿಂದ ಜನಕ್ಕೆ ಕುತೂಹಲ ಜಾಸ್ತಿಯಾಯಿತು. ಹಿಟ್ಟು ಬೇಡದವರೂ ಒಂದು ಪಾವು ಗೋಧಿ ಹಿಡಿದು ಬಂದು ಸಾಲಿನಲ್ಲಿ ನಿಂತು ಕತ್ತು ಉದ್ದ ಮಾಡಿದರು. ಕೊಟ್ರೇಶಣ್ಣನನ್ನು ಬರಬೇಡವೆಂದೆ. ಅವನು ಬಾಗಿಲ ಹೊರಗೆ ನಿಂತು ಒಳಗಿನವರಿಗೆ ಸಲಹೆ ಕೊಡತೊಡಗಿದ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ; ನಮ್ಮ ಊರಿನವರಿಗೆ ಬಂಗಾರದ ಆಸೆಯೇ ಇಲ್ಲ.

ಆದರೂ ಹಗಲು ಬೆಳೆಯುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೆ, ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ನನ್ನನ್ನು ಸುಟ್ಟದ್ದು ಬೇರೆ. ಸಂಜೆ ಬೀಗ ಹಾಕುವಾಗ ಕುಡಿ ಎಲ್ಲಿತ್ತೆಂದು ತೊಲೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಹೋಗುತ್ತಿದ್ದೆ. ಬೆಳಗ್ಗೆ ಬಂದು ಬಾಗಿಲು ತೆರೆದರೆ ಅದು ಗೆರೆ ದಾಟಿ ಒಂದು ಮೊಳ ಮುಂದೆ ಇರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಯಾರೋ ನಾನಿಲ್ಲದ ಹೊತ್ತಿನಲ್ಲಿ ಬಳ್ಳಿಗೆ ತಪ್ಪು ಹೆಸರು ಹೇಳುತ್ತಿದ್ದರು. ಯಾರೋ ಅಂತ ಬಾಯಿಮಾತಿಗೆ ಹೇಳುತ್ತಿದ್ದೇನೆ, ಯಾರೆಂದು ನನಗೆ ಗೊತ್ತಿತ್ತು.

ಗಿರಣಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ನಮ್ಮ ಅವ್ವನ ಮನೆ. ಅದರಲ್ಲಿ ಈಗ ನನ್ನ ಅಕ್ಕ ಹಾಲಮ್ಮ ಇದ್ದಾಳೆ. ಅವ್ವ ಹೋದ ಮೇಲೆ ಮನೆ ಅವಳಿಗೆ, ಗಿರಣಿ ನನಗೆ ಎಂದಾಯಿತು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಎರಡರ ನಡುವಿನ ಬಾಗಿಲಿಗೆ. ಗೋಡೆಯಲ್ಲಿರುವ ಆ ಬಾಗಿಲು ಮನೆಗೆ ಸೇರಿದ್ದೋ ಗಿರಣಿಗೆ ಸೇರಿದ್ದೋ ಎಂಬ ಒಂದು ದಿನದ ಮಾತು ಬೆಳೆದು, “ಹಿಟ್ಟಿನ ಧೂಳೆಲ್ಲ ನನ್ನ ಅಡುಗೆಗೆ ಬೀಳುತ್ತೆ” ಎಂದು ಅವಳು, “ನಿನ್ನ ಒಗ್ಗರಣೆ ಘಾಟು ನನ್ನ ಗಿರಾಕಿಗಳಿಗೆ ಬಡೀತೈತೆ” ಎಂದು ನಾನು, ಕೊನೆಗೆ ಅವಳು ಆ ಕಡೆಯಿಂದ ಚಿಲಕ ಹಾಕಿಕೊಂಡಳು. ನಾನೇನು ಕಡಿಮೆಯೇ? ಈ ಕಡೆಯಿಂದ ಮೂಟೆಗಳನ್ನು ಒಟ್ಟಿದೆ. ಅಂದಿನಿಂದ ಮಾತಿಲ್ಲ. ಅವಳು ಹಿಟ್ಟನ್ನು ಪಕ್ಕದ ಊರಿನಿಂದ ಬೀಸಿಸಿಕೊಂಡು ಬರುತ್ತಾಳೆಂದು ಕೇಳಿದಾಗ ನನಗೆ ಎರಡು ದಿನ ಊಟ ಸೇರಿರಲಿಲ್ಲ. ಈ ಬಳ್ಳಿ ಹುಟ್ಟಿದ್ದೂ ಅವಳ ಹಿತ್ತಿಲಿನಲ್ಲೇ. ಅಲ್ಲಿಂದ ಗೋಡೆ ಹತ್ತಿ, ನನ್ನ ಹೆಂಚು ದಾಟಿ, ಬೆಳಕಿಂಡಿಗೆ ಬಂದಿತ್ತು. ಇನ್ನು ಯಾರ ಮೇಲೆ ಅನುಮಾನ ಪಡಲಿ?

ಕೊನೆಗೆ ಗಿಡಬಳ್ಳಿಗಳ ಗುರುತಿನ ಕಚೇರಿಗೆ ಹೋದೆ. ಇದು ನಮ್ಮ ಊರಿನಲ್ಲಿ ಮಾತ್ರ ಇರುವ ಕಚೇರಿ. ಅದರ ಅಧಿಕಾರಿ ತಿಪ್ಪೇರುದ್ರಪ್ಪ ಗಿಡಮೂಲಿಕೆ ಓದಿದವರು, ತಿಳಿದವರು, ಮತ್ತು ದೇವರು ತಾಳ್ಮೆಯನ್ನು ಹಂಚುವಾಗ ಊರಿನ ಪಾಲನ್ನೆಲ್ಲ ಒಬ್ಬರೇ ಎತ್ತಿಕೊಂಡು ಬಂದವರು. ಅವರು ಗಿರಣಿಗೆ ಬಂದು, ಏಣಿ ಹಾಕಿಸಿಕೊಂಡು, ಗೋಣಿಚೀಲ ಸರಿಸಿ, ಕನ್ನಡಕ ಒರೆಸಿ, ಮತ್ತೆ ಒರೆಸಿ, ಬಳ್ಳಿಯನ್ನು ನೋಡಿದರು.

“ಅಮೃತಬಳ್ಳಿ ಅಲ್ಲ” ಎಂದರು ಬಹಳ ಹೊತ್ತಾದ ಮೇಲೆ. ‘ಅಲ್ಲ’ ಎಂದರೆ ಬಳ್ಳಿಗೆ ಸಿಟ್ಟಿಲ್ಲ. “ಅಮೃತಬಳ್ಳಿಗೆ ಹಿಡಕೊಳ್ಳೋಕೆ ಸುರುಳಿ ಎಳೆ ಇರಲ್ಲ, ಅದು ಮೈಯನ್ನೇ ಸುತ್ತುತ್ತೆ. ಇದಕ್ಕೆ ಸುರುಳಿ ಐತೆ ನೋಡಿ.”

“ಗೊತ್ತೈತೆ ಸಾರ್, ಆ ಸುರುಳೀನೇ ನನ್ನ ತೊಲೆ ಹಿಡಕೊಂಡಿರೋದು.”

“ಸುರುಳಿ ಎಲ್ಲಿಂದ ಹೊರಟೈತೆ ಅಂತ ನೋಡೀಮ್ಮ. ತೊಂಡೆ, ಹಾಗಲ ಇವಕ್ಕೆ ಎಲೆ ತೊಟ್ಟಿನ ಪಕ್ಕದಲ್ಲೇ ಹೊರಡುತ್ತೆ. ಇಲ್ಲಿ ಎಲೆ ಈ ಕಡೆ, ಸುರುಳಿ ಸರಿಯಾಗಿ ಅದರ ಎದುರು ಕಡೆ. ಒಂದೇ ಗೆಣ್ಣು, ಒಂದು ಮಗ್ಗುಲಲ್ಲಿ ಎಲೆ, ಇನ್ನೊಂದು ಮಗ್ಗುಲಲ್ಲಿ ಸುರುಳಿ. ಅಲ್ಲದೆ ಕಾಂಡ ಕಟ್ಟಿಗೆ ಆಗೈತೆ, ತೊಗಟೆ ಪಟ್ಟಿ ಪಟ್ಟಿಯಾಗಿ ಸುಲೀತೈತೆ. ಎಲೆ ಅಡಿಗೆ ಕಂದು ನುಣುಪು ರೋಮ. ಇದು ದ್ರಾಕ್ಷಿ ಬಳಗದ್ದು. ನಮ್ಮ ಬೆಟ್ಟದ್ದೇ, ಯಾರೋ ಹೊರಗಿಂದ ತಂದಿದ್ದಲ್ಲ.”

ಬಳಗದ ಹೆಸರು ಹೇಳಿದರೆ ಬಳ್ಳಿ ಬೆಳೆಯುವುದೂ ಇಲ್ಲ, ಬಗ್ಗುವುದೂ ಇಲ್ಲ. ‘ಇವಳು ಇಂಥವರ ಮನೆಯವಳು’ ಎಂದರೆ ಯಾರು ತಿರುಗಿ ನೋಡುತ್ತಾರೆ? ನನಗೆ ಮಾತ್ರ ಅಷ್ಟಕ್ಕೇ ಜೀವ ಬಂದ ಹಾಗಾಯಿತು. ಆದರೆ ‘ದ್ರಾಕ್ಷಿ’ ಎಂಬ ಮಾತು ಬಾಗಿಲಾಚೆ ನಿಂತವನ ಕಿವಿಗೂ ಬಿದ್ದಿತ್ತು. ಕೊಟ್ರೇಶಣ್ಣ ಒಳಗೆ ನುಗ್ಗಿ, ಬಳ್ಳಿಯ ಮುಖಕ್ಕೆ ಮುಖ ಕೊಟ್ಟು, “ಕಾಡುದ್ರಾಕ್ಷಿ! ಕಾಡುದ್ರಾಕ್ಷಿ! ನಾನು ಆವತ್ತೇ ಅಂದ್ಕೊಂಡೆ!” ಎಂದು ಎರಡು ಸಲ ಕೂಗಿದ. ಎರಡು ಮೊಳ. ಕುಡಿ ತೊಲೆ ಬಿಟ್ಟು ಗಾಳಿಯಲ್ಲಿ ಇಳಿಬಿದ್ದು, ಗಾಲಿಯ ನೆತ್ತಿಯ ಮೇಲೆ ತೂಗಾಡತೊಡಗಿತು. ಇನ್ನು ಒಂದೇ ಮೊಳ ಬಾಕಿ. ನಾನು ಅಲ್ಲೇ ಮೂಟೆಯ ಮೇಲೆ ಕುಕ್ಕರಿಸಿದೆ.

“ಈ ಬಳಗದಲ್ಲಿ ಬೇಕಾದಷ್ಟು ಐತೆ” ಎಂದರು ತಿಪ್ಪೇರುದ್ರಪ್ಪ, ಏನೂ ಆಗಿಲ್ಲವೆಂಬಂತೆ ಏಣಿ ಇಳಿಯುತ್ತ. “ಯಾವುದು ಅಂತ ಹೇಳಬೇಕಂದ್ರೆ ಗೊಂಚಲು ನೋಡಬೇಕು. ಗೊಂಚಲಿನ ತೊಟ್ಟಿನಲ್ಲೇ ಒಂದು ಸುರುಳಿ ಹೊರಟಿದ್ರೆ ಒಂದು ಜಾತಿ, ಇಲ್ಲದಿದ್ರೆ ಬೇರೆ. ಗೊಂಚಲು ಇರೋದು ಸಿಟ್ಟಿಲ್ಲದೆ ತಾನಾಗೇ ಬೆಳೆದ ಹಳೇ ಭಾಗದಲ್ಲಿ, ಬಿಸಿಲು ಬೀಳೋ ಕಡೆ. ಅಂದ್ರೆ ಆ ಹಿತ್ತಿಲಲ್ಲಿ.”

“ಹಂಗಾದ್ರೆ ಹೋಗಿ ನೋಡಿ ಸಾರ್!”

“ಅವರ ಹಿತ್ತಿಲಿಗೆ ಕಾಲಿಡಬೇಕಂದ್ರೆ ಆ ಮನೆಯವರು ಕರೀಬೇಕಲ್ಲಮ್ಮ. ಮತ್ತೆ ನೋಡಿ ಗುರುತು ಹಿಡಿದ್ರೂ ನನ್ನ ಹತ್ರ ಇರೋದು ಪುಸ್ತಕದ ಹೆಸರು. ಅದು ಬಳ್ಳಿಗೆ ಗೊತ್ತಿಲ್ಲ. ಇದನ್ನ ಬಳಸಿದೋರು ಏನಂತ ಕರೀತಿದ್ರೋ ಆ ಹೆಸರಿಗೇ ಅದು ಓಗೊಡೋದು. ಹಳಬರನ್ನ ಯಾರನ್ನಾದ್ರೂ ಕೇಳಿ.” ಇಷ್ಟು ಹೇಳಿ ನಾನು ಕೊಟ್ಟ ಚಹಾವನ್ನು ಊದಿ ಊದಿ ಕುಡಿದು ಅವರು ಹೊರಟುಹೋದರು. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು.

ಅಂದು ಗಿರಣಿ ನಿಲ್ಲಿಸಿ, ಸಾಲಿನವರನ್ನೆಲ್ಲ ಕಳಿಸಿ, ಬಾಗಿಲು ಹಾಕಿದೆ. ಮಾರನೆಯ ದಿನ ಕೋಳಿ ಕೂಗುವ ಮೊದಲೇ ಎದ್ದು ಬಂದು, ಗಿರಣಿಯೊಳಗೆ ಮೂಟೆಗಳ ಸಂದಿಯಲ್ಲಿ ಕೂತೆ. ಕಳ್ಳಿಯನ್ನು ಕೈಯಾರೆ ಹಿಡಿಯಬೇಕೆಂದೇ ಕೂತದ್ದು. ಬೆಳಕು ಹರಿಯುತ್ತಿದ್ದಂತೆ ಗೋಡೆಯಾಚೆ ಬಾವಿಯ ಗಡಗಡೆ ಸದ್ದಾಯಿತು, ಬಕೆಟ್ ಇಟ್ಟ ಸದ್ದಾಯಿತು. ಆಮೇಲೆ ಹಾಲಮ್ಮನ ದನಿ. ಬೈಗುಳವನ್ನು ನಿರೀಕ್ಷಿಸಿದ್ದೆ. ಅವಳು ಬೈಯುತ್ತಿರಲಿಲ್ಲ, ಬಳ್ಳಿಯ ಮುಂದೆ ನಿಂತು ಮೆಲ್ಲಗೆ, ದೇವರಿಗೆ ಹೇಳಿಕೊಳ್ಳುವ ಹಾಗೆ, “ಇವತ್ತಾದ್ರೂ ಇದಾಗಿರಲಪ್ಪ” ಎಂದಳು. ಹೆಸರು ಹೇಳಲು ಬಾಯಿ ತೆರೆದವಳು ನಿಂತುಬಿಟ್ಟಳು. “ಆಗಲ್ಲ. ನಿನ್ನೆ ಸಾಲಿನೋರೆಲ್ಲ ಅಂತಿದ್ರಲ್ಲ, ಇನ್ನೊಂದು ಮೊಳ ಹೋದ್ರೆ ಅವಳ ಗಾಲಿ ಹಿಡಿಯುತ್ತೆ” ಎಂದು ತನಗೆ ತಾನೇ ಹೇಳಿಕೊಂಡಳು.

ನನಗೆ ಆ ಕ್ಷಣ ಬಂದ ಸಿಟ್ಟು ಹೇಳತೀರದು. ಮೂಟೆಗಳನ್ನು ಎಳೆದು ಎಳೆದು ಬಿಸುಟೆ. ಒಂದು ಒಡೆದು ರಾಗಿಯೆಲ್ಲ ನೆಲದ ಪಾಲಾಯಿತು. ಬಾಗಿಲಿಗೆ ಗುದ್ದಿದೆ.

“ತೆಗಿಯೇ ಚಿಲಕ! ದಿನಾ ಬೆಳಗ್ಗೆ ನನ್ನ ಗಿರಣಿಗೆ ಮಣ್ಣು ಹಾಕ್ತಿದ್ದೋಳು ನೀನೇನಾ?”

ಆ ಕಡೆ ತುಕ್ಕು ಹಿಡಿದ ಚಿಲಕ ಕಿರುಗುಟ್ಟಿತು. ಬಾಗಿಲು ತೆರೆಯಿತು. ಹಾಲಮ್ಮನ ತಲೆ ಅರ್ಧಕ್ಕೂ ಜಾಸ್ತಿ ನರೆತಿತ್ತು. ಒಂದೇ ಗೋಡೆಯ ಆಚೆ ಇದ್ದವಳು ಯಾವಾಗ ಇಷ್ಟು ಮುದುಕಿಯಾದಳೋ ನನಗೆ ಗೊತ್ತಿರಲಿಲ್ಲ, ಅದಕ್ಕೂ ಸಿಟ್ಟು ಬಂತು.

“ಮಣ್ಣು ಹಾಕೋಕೆ ನಿನ್ನಷ್ಟು ಪುರುಸೊತ್ತು ನನಗಿಲ್ಲ” ಎಂದಳು. “ಹೆಸರು ಹುಡುಕ್ತಿದ್ದೆ.”

“ಹುಡುಕೋ ರೀತಿ ಇದೇನಾ? ದಿನಕ್ಕೊಂದು ಮೊಳ ಬೆಳೆಸಿ?”

“ಇನ್ನೆಂಗೆ ಹುಡುಕ್ತಾರೆ? ಅವ್ವ ಬೀಸುವಾಗ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬೆಟ್ಟದ ಬಳ್ಳಿ ಹೆಸರೆಲ್ಲ ಹೇಳ್ತಿದ್ಲು. ನನಗೆ ಎಲ್ಲಾ ಬಾಯಿಪಾಠ. ಆದ್ರೆ ನಾನು ಬೆಟ್ಟಕ್ಕೆ ಹೋದೋಳಲ್ಲ. ಯಾವ ಹೆಸರು ಯಾವ ಬಳ್ಳೀದು ಅಂತ ನನಗೇನು ಗೊತ್ತು? ಅದು ನಿನ್ನ ಗಾಲಿ ಕಡೆ ಹೊರಟಿತ್ತು. ಹೆಸರಿಲ್ಲದೆ ಕತ್ತಿ ತಾಗಲ್ಲ. ಅದಕ್ಕೆ ದಿನಾ ಒಂದೊಂದು ಹೇಳಿ ನೋಡಿದೆ. ಸರಿಹೋದ್ರೆ ನೀನು ಬರೋಷ್ಟರಲ್ಲಿ ಕಡಿದು ಹಾಕಿಬಿಡೋಣ ಅಂತ. ನಿನಗೆ ಗೊತ್ತೂ ಆಗ್ತಿರಲಿಲ್ಲ.”

“ನನ್ನನ್ನ ಕೇಳಬೇಕಿತ್ತು!”

“ಬಾಗಿಲಿಗೆ ಮೂಟೆ ಒಟ್ಟಿದೋಳು ಯಾರು?”

“ಚಿಲಕ ಹಾಕಿದೋಳು ಯಾರು?”

ಹೀಗೆ ಇಬ್ಬರೂ ಹೊಸ್ತಿಲಿನ ಎರಡು ಕಡೆ ನಿಂತು, ಇಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದನ್ನೆಲ್ಲ ಆಡಿಬಿಟ್ಟೆವು. ಒಗ್ಗರಣೆಯ ಘಾಟೂ ಬಂತು, ಪಕ್ಕದ ಊರಿನ ಹಿಟ್ಟೂ ಬಂತು. ಕೂಗಿ ಕೂಗಿ ಸುಸ್ತಾದಾಗ ಅವಳು ಕಣ್ಣೊರೆಸಿಕೊಂಡು, “ಪಕ್ಕದೂರಿನ ಹಿಟ್ಟು ದೊರಗು. ರೊಟ್ಟಿ ತಟ್ಟಿದ್ರೆ ಹರಿದುಹೋಗುತ್ತೆ” ಎಂದಳು.

ಹಿತ್ತಿಲಿಗೆ ಕಾಲಿಟ್ಟೆ. ಬಳ್ಳಿಯ ಬುಡ ಇದ್ದದ್ದು ಬಾವಿಯ ಪಕ್ಕದ ಚಪ್ಪಡಿಯ ಹತ್ತಿರ. ಅವ್ವ ಬೆಟ್ಟದಿಂದ ಬಂದು ಸೌದೆಯ ಹೊರೆ ಇಳಿಸುತ್ತಿದ್ದ ಚಪ್ಪಡಿ ಅದು. ಅವ್ವನ ಜೊತೆ ಬೆಟ್ಟಕ್ಕೆ ಹೋಗುತ್ತಿದ್ದವಳು ನಾನು. ಅಕ್ಕನಿಗೆ ಚಿಕ್ಕಂದಿನಲ್ಲಿ ಕಾಲು ಸ್ವಲ್ಪ ಎಳೆಯುತ್ತಿದ್ದುದರಿಂದ ಅವಳನ್ನು ಅವ್ವ ಬೀಸುಕಲ್ಲಿನ ಹತ್ತಿರ ಕೂರಿಸುತ್ತಿದ್ದಳು. ಬುಡದಲ್ಲಿ ಕಾಂಡ ನನ್ನ ತೋಳಿನಷ್ಟು ದಪ್ಪವಾಗಿತ್ತು, ತೊಗಟೆ ಹಳೇ ಸೀರೆಯ ಅಂಚಿನ ಹಾಗೆ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಗಿರಣಿಯೊಳಗೆ ಬರೀ ಕುಡಿಯನ್ನು ನೋಡಿದಾಗ ನೆನಪಾಗದಿದ್ದದ್ದು ಈ ತೊಗಟೆಯನ್ನು ಮುಟ್ಟಿದಾಗ ನೆನಪಾಯಿತು. ಇದೇ ಬಳ್ಳಿಯ ಎಳೆ ಕಾಂಡ ತಿರುಚಿ ಅವ್ವ ಹೊರೆ ಕಟ್ಟುತ್ತಿದ್ದಳು. ಆ ಹೊರೆಯ ಜೊತೆಗೇ ಯಾವುದೋ ಬೀಜ ಇಲ್ಲಿಗೆ ಬಂದು ಬಿದ್ದಿರಬೇಕು.

ಅಕ್ಕ ಒಂದು ಕೋಲಿನಲ್ಲಿ ರೆಂಬೆ ಬಗ್ಗಿಸಿದಳು. ಕಪ್ಪು ಹಣ್ಣುಗಳ ಸಣ್ಣ ಗೊಂಚಲು ಕೆಳಗೆ ಬಂತು. ಕನ್ನಡಕ ಒರೆಸುವ ಅಭ್ಯಾಸ ನನಗಿಲ್ಲ, ಹಾಗೇ ನೋಡಿದೆ. ಗೊಂಚಲಿನ ತೊಟ್ಟಿನ ನಡುವಿನಿಂದಲೇ ಒಂದು ಸುರುಳಿ ಎಳೆ ಹೊರಟು ಪಕ್ಕದ ಕಡ್ಡಿಯನ್ನು ಹಿಡಿದಿತ್ತು. ಹಣ್ಣಿನ ಭಾರಕ್ಕೆ ತಾನೇ ಒಂದು ಕೈ ಕೊಟ್ಟ ಹಾಗೆ.

“ಅವ್ವ ಇದನ್ನೇ ತೋರಿಸ್ತಿದ್ಲು” ಎಂದೆ. “ತೊಟ್ಟಿಗೆ ಸುರುಳಿ ಇದ್ರೆ ಮಾತ್ರ ಕಡೀಬೇಕು, ಇಲ್ಲದಿದ್ರೆ ಬೇರೆ ಬಳ್ಳಿ, ಬಾಯೆಲ್ಲ ತುರಿಸುತ್ತೆ ಅಂತಿದ್ಲು.”

“ಬಾಯಿ ಯಾಕೆ ತುರಿಸುತ್ತೆ? ಹೊರೆ ಕಟ್ಟೋ ಬಳ್ಳೀನ ಬಾಯಿಗೆ ಯಾಕೆ ಹಾಕ್ತಿದ್ರಿ?”

“ಕುಡಿಯೋಕೆ. ಬಿಸಿಲಲ್ಲಿ ಬಾಯಾರಿದಾಗ ಅವ್ವ ದಪ್ಪ ಕಾಂಡ ಒಂದು ಮಾರು ಕಡಿದು ಎತ್ತಿ ಹಿಡೀತಿದ್ಲು. ತೊಟ್ಟಿಕ್ಕೋ ನೀರಿಗೆ ನಾನು ಬಾಯಿ ಕೊಡ್ತಿದ್ದೆ.”

ಅಕ್ಕನ ಕೈಯಿಂದ ಕೋಲು ಜಾರಿತು. ಅವಳು ಬಳ್ಳಿಗೆ ಬೆನ್ನು ಮಾಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೀಸುವಾಗಿನ ಅವ್ವನ ರಾಗದಲ್ಲೇ ನನ್ನ ಕಿವಿಯಲ್ಲಿ ಹೇಳಿದಳು: “ಮೂಳೆ ಮುರಿದರೆ ಮಂಗರವಳ್ಳಿ, ಮೈಯಿ ಸುಟ್ಟರೆ ಅಮೃತಬಳ್ಳಿ, ಬೆಟ್ಟದಲ್ಲಿ ಬಾಯಾರಿದರೆ ಬೊಮ್ಮಾಲೆ.” ಆಮೇಲೆ ಮಾಮೂಲಿ ದನಿಯಲ್ಲಿ, “ನಾನು ಬೊಮ್ಮಾಲೆ ಅಂದ್ರೆ ಯಾವುದೋ ಹಣ್ಣಿನ ಮರ ಅಂದ್ಕೊಂಡಿದ್ದೆ ಕಣೇ. ಅದಕ್ಕೇ ಅದನ್ನ ಹೇಳಿ ನೋಡಿರಲೇ ಇಲ್ಲ” ಎಂದಳು.

ಹೆಸರು ಸಿಕ್ಕಿತೆಂದು ನೀವು ಅಂದುಕೊಳ್ಳಬಹುದು. ಹೇಳಬೇಕಲ್ಲ! ತಪ್ಪಾದರೆ ಉಳಿದಿರುವ ಒಂದು ಮೊಳವೂ ಹೋಗಿ ಗಾಲಿಗೆ ಸುತ್ತಿಕೊಳ್ಳುತ್ತದೆ. “ನೀನು ಹೇಳು, ನಿನ್ನ ಗಿರಣಿ” ಎಂದಳು ಅವಳು. “ನೀನು ಹೇಳು, ಹೆಸರು ಹೊಳೆದದ್ದು ನಿನಗೆ” ಎಂದೆ ನಾನು. “ನಿನ್ನ ಗುರುತಿನ ಮೇಲೆ ನನಗೇನು ನಂಬಿಕೆ?” “ನಿನ್ನ ಬಾಯಿಪಾಠದ ಮೇಲೆ ನನಗೇನು ನಂಬಿಕೆ?” ಅಷ್ಟರಲ್ಲಿ ಗಿರಣಿಯ ಮುಂಬಾಗಿಲಿನಲ್ಲಿ ಕೊಟ್ರೇಶಣ್ಣನ ಕೆಮ್ಮು ಕೇಳಿಸಿತು. “ರೇವಕ್ಕ, ನನಗೆ ರಾತ್ರಿ ಇನ್ನೊಂದು ಹೆಸರು ಹೊಳೀತು” ಎನ್ನುತ್ತಿದ್ದ. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡು, ಒಟ್ಟಿಗೇ ಬಳ್ಳಿಯ ಕಡೆ ತಿರುಗಿ, ಒಟ್ಟಿಗೇ ಕಿರುಚಿದೆವು: “ಬೊಮ್ಮಾಲೆ!”

ಒಂದು ಎಲೆಯೂ ಅಲುಗಲಿಲ್ಲ. ನಾನು ಗಿರಣಿಗೆ ಓಡಿ ನೋಡಿದೆ. ಕುಡಿ ಗಾಲಿಯ ಮೇಲೆ ನಿಂತಲ್ಲೇ ನಿಂತಿತ್ತು. ಕೊಟ್ರೇಶಣ್ಣ ಒಳಗೆ ಬಂದು ತನಗೆ ಹೊಳೆದ ಹೆಸರನ್ನು ಹೇಳಿಯೇಬಿಟ್ಟ. ಬಳ್ಳಿ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವನ ಮುಖ ಬಾಡಿದ್ದನ್ನು ನೋಡಿ ನನಗೆ ಎಷ್ಟೋ ದಿನದ ಮೇಲೆ ನಗು ಬಂತು.

ಕತ್ತಿ ತಂದು ಬೆಳಕಿಂಡಿಯ ಹತ್ತಿರ ಒಂದೇ ಏಟು ಹಾಕಿದೆ, ಗಿರಣಿಯೊಳಗಿದ್ದದ್ದಷ್ಟೂ ಬಿತ್ತು. ಆಮೇಲೆ ಹಿತ್ತಿಲಿಗೆ ಬಂದು ದಪ್ಪ ಕಾಂಡದಲ್ಲಿ ಒಂದು ಮಾರು ಕಡಿದು, ಅವ್ವ ಹಿಡಿಯುತ್ತಿದ್ದ ಹಾಗೆ ಎತ್ತಿ ಹಿಡಿದೆ. ಮೊದಲು ಒಂದು ಹನಿ, ಆಮೇಲೆ ಸಣ್ಣ ಧಾರೆ. ಬೆಟ್ಟದಲ್ಲಿ ಎಂದೂ ಕುಡಿಯದವಳು ಅಕ್ಕ. ಅವಳೇ ಬೊಗಸೆ ಒಡ್ಡಿದಳು, ಕುಡಿದಳು, ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿದಳು.

“ಇದಕ್ಕಾ ನೀನು ದಿನಾ ಅವ್ವನ ಸೆರಗು ಹಿಡಿದು ಓಡ್ತಿದ್ದದ್ದು?” ಎಂದಳು. “ಬರೀ ಸಪ್ಪೆ.”

ಬುಡವನ್ನು ಕಡಿದು ಹಾಕೋಣವೆಂದರೆ ಒಪ್ಪಲಿಲ್ಲ. ಅವ್ವನ ಚಪ್ಪಡಿಗೆ ನೆರಳಂತೆ. ಹಾಗಾಗಿ ಬಳ್ಳಿ ಇದೆ. ದಿನವೂ ಹೊಸ ಗಿರಾಕಿಗಳು ಬರುತ್ತಾರೆ, ಬಾಯಿಗೆ ಬಂದ ಹೆಸರು ಹೇಳುತ್ತಾರೆ, ಆದ್ದರಿಂದ ದಿನವೂ ಬೆಳಗ್ಗೆ ಮೊದಲು ಯಾರಾದರೂ ಸರಿಯಾದ ಹೆಸರು ಹೇಳಬೇಕು. ಅದು ಅಕ್ಕನ ಕೆಲಸವಾಯಿತು. ಬಾವಿಗೆ ಬಂದವಳು “ಬೊಮ್ಮಾಲೆ” ಎಂದು ಒಮ್ಮೆ ಕೂಗುತ್ತಾಳೆ. ಅದು ಕೇಳಿಸಿದ ಮೇಲೆ ನಾನು ಮೋಟರಿನ ಗುಂಡಿ ಒತ್ತುತ್ತೇನೆ. ಹೆಸರು ನನಗೂ ಗೊತ್ತು, ನಾನೇ ಹೇಳಿಕೊಳ್ಳಬಹುದು. ಹೇಳಿಕೊಂಡಿಲ್ಲ. ನಡುವಿನ ಬಾಗಿಲು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ, ಅದು ತೆರೆದೇ ಇದೆ. ಹಿಟ್ಟಿನ ಧೂಳು ಆ ಕಡೆ ಹೋಗುತ್ತದೆ, ಒಗ್ಗರಣೆ ಘಾಟು ಈ ಕಡೆ ಬರುತ್ತದೆ, ಅದಕ್ಕೆ ವಾರಕ್ಕೊಂದು ಜಗಳ ಇದ್ದೇ ಇದೆ.

ಮೊನ್ನೆ ಒಂದು ಬೆಳಗ್ಗೆ ಕೂಗು ಕೇಳಿಸಲಿಲ್ಲ. ಬಾವಿಯ ಗಡಗಡೆಯ ಸದ್ದೂ ಇಲ್ಲ. ಸಾಲಿನಲ್ಲಿ ಜನ ಸೇರುತ್ತಿದ್ದರು, ಕೊಟ್ರೇಶಣ್ಣ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಬೆಳಕಿಂಡಿಯಲ್ಲಿ ಹೊಸ ಕುಡಿಯೊಂದು ಇಣುಕಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಹೇಳಬೇಕಾದ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಕ್ಕನ ನರೆತ ತಲೆ ಕಣ್ಣಿಗೆ ಬಂತು, ಬಾಯಿಂದ ಹೊರಟದ್ದು, “ಅಕ್ಕಾ!” ಎಂಬ ಕೂಗು.

ಬಳ್ಳಿಗೆ ಏನು ಗೊತ್ತು? ತನ್ನನ್ನೇ ಕರೆದರೆಂದು ಒಂದು ಮೊಳ ಬೆಳೆಯಿತು. ನಾನು ಅದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲು ದಾಟಿ, “ಅಕ್ಕಾ, ಅಕ್ಕಾ” ಎನ್ನುತ್ತ ಹಿತ್ತಿಲಿಗೆ ಓಡಿದೆ. ಅಲ್ಲಿಯೂ ಎದುರಿಗೆ ಬಳ್ಳಿಯೇ. ಅದು ಇನ್ನೆರಡು ಮೊಳ ಬೆಳೆದು ಬಾವಿಯ ಹಗ್ಗ ಹಿಡಿಯಿತು. ಹಾಲಮ್ಮ ಅವ್ವನ ಚಪ್ಪಡಿಯ ಮೇಲೆ ಕೂತು, ಕಾಲು ಚಾಚಿಕೊಂಡು, ಲೋಟದಲ್ಲಿ ಚಹಾ ಕುಡಿಯುತ್ತಿದ್ದಳು.

“ಯಾಕೆ ಕೂಗಲಿಲ್ಲ? ಜೀವ ಬಾಯಿಗೆ ಬಂತಲ್ಲೇ ನನಗೆ!”

“ದಿನಾ ನಾನೇ ಕರೀತೀನಿ” ಎಂದಳು. “ಒಂದು ದಿನ ಕೂಗದಿದ್ರೆ ನೀನು ಕರೀತೀಯೋ ಇಲ್ವೋ ಅಂತ ನೋಡ್ತಿದ್ದೆ.”

ಇಂಥವಳಿಗೆ ಏನು ಹೇಳಲಿ? ಕಟ್ಟಿಕೊಂಡು ಸಾಯಬೇಕಷ್ಟೆ. ನಾನು ಅವಳ ಪಕ್ಕ ಕುಕ್ಕರಿಸಿ ಅವಳ ಲೋಟವನ್ನು ಕಿತ್ತುಕೊಂಡೆ. ಗಿರಣಿಯ ಕಡೆಯಿಂದ ಕೊಟ್ರೇಶಣ್ಣ ಏನೋ ಹೆಸರು ಕೂಗಿದ್ದು ಕೇಳಿಸಿತು. ಕೂಗಲಿ ಬಿಡು ಎಂದು ಉಳಿದ ಚಹಾವನ್ನು ಕುಡಿದೆ.